ಸಾಧಾರಣ ಆರೋಗ್ಯವಂತರಿಗೆ ಮೂವತ್ತೈದು ನಿಮಿಷ

ಗುಮಾಸ್ತನ ಕಷ್ಟಕ್ಕೆಲ್ಲ ಕಾರಣ ಅವನೇ ಬರೆದ ಎರಡು ಪದ.

ಮೂರು ವರ್ಷದ ಹಿಂದೆ ಪುರಸಭೆಯವರು ಹೊಳೆಯ ದಂಡೆಗುಂಟ ಒಂದು ಕಾಲುದಾರಿ ಮಾಡಿಸಿದರು. ಕೆಳಗಿನ ಬಡಾವಣೆಯ ಕೊನೆಯ ಮನೆಗಳ ಹಿತ್ತಲಿನಲ್ಲಿ ಹೊರಟು, ಮರಗಳ ನಡುವೆ ನೀರಿನ ಪಕ್ಕದಲ್ಲೇ ಸಾಗಿ, ಮೇಲಿನ ಪೇಟೆಯಲ್ಲಿ ಪುರಸಭೆ ಕಚೇರಿಯ ಬೆನ್ನಿಗೆ ಬಂದು ಮುಗಿಯುವ ದಾರಿ. ಅದನ್ನು ಅಳೆದು ಫಲಕದ ಒಕ್ಕಣೆ ಬರೆದುಕೊಡುವ ಕೆಲಸ ಎರಡನೇ ಗುಮಾಸ್ತನ ಪಾಲಿಗೆ ಬಂತು. ಉದ್ದ ಹಿಡಿಕೆಯ ತುದಿಯಲ್ಲಿ ಚಕ್ರವಿರುವ ಅಳತೆಗಾಲಿಯನ್ನೂ ಕೊಟ್ಟರು. ಅದನ್ನು ತಳ್ಳಿಕೊಂಡು ದಾರಿಯುದ್ದಕ್ಕೂ ನಡೆದರೆ ಸಾಕು, ಎಷ್ಟು ದೂರವಾಯಿತೆಂದು ಅದೇ ತೋರಿಸುತ್ತದೆ. ಗುಮಾಸ್ತ ಹೊಳೆಗೆ ಇಳಿದ. ಮೊದಲ ತಿರುವಿನಲ್ಲೇ ಕೆಸರಿತ್ತು. ಗಾಲಿಯನ್ನೆತ್ತಿ ಹೆಗಲ ಮೇಲಿಟ್ಟುಕೊಂಡು ಹಿಂದಿರುಗಿದವನೇ ಬಸ್ಸು ಹತ್ತಿದ.

"ಇಲ್ಲಿಂದ ಮೇಲಿನ ಪೇಟೆಗೆ ಎಷ್ಟು ದೂರ?" ಎಂದು ಕಂಡಕ್ಟರನ್ನು ಕೇಳಿದ.

"ಮೂರು ಕಿಲೋಮೀಟರ್. ಆ ಗಾಲಿಗೂ ಟಿಕೆಟ್ ತಗೋಬೇಕು," ಎಂದ ಕಂಡಕ್ಟರ್.

ರಸ್ತೆಯೂ ಇಲ್ಲೇ ಹೊರಡುತ್ತದೆ, ಅಲ್ಲೇ ಮುಟ್ಟುತ್ತದೆ. ಕಾಲುದಾರಿಯೂ ಇಲ್ಲೇ ಹೊರಡುತ್ತದೆ, ಅಲ್ಲೇ ಮುಟ್ಟುತ್ತದೆ. ಇನ್ನು ಉದ್ದದಲ್ಲಿ ವ್ಯತ್ಯಾಸ ಹೇಗೆ ಬಂದೀತು ಎಂದು ಗುಮಾಸ್ತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೇಜಿಗೆ ಬಂದು ಬರೆದ: ಹೊಳೆದಂಡೆ ಕಾಲುದಾರಿ. ಉದ್ದ ಮೂರು ಕಿಲೋಮೀಟರ್. ಮೂವತ್ತೈದು ನಿಮಿಷ. ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ವಾಕ್ಯ ಬೋಳುಬೋಳಾಗಿ ಕಂಡಿತು. ಹದಿನಾರು ವರ್ಷ ಬೇರೆಯವರ ಒಕ್ಕಣೆಯನ್ನು ನಕಲು ಮಾಡಿದವನಿಗೆ ಸ್ವಂತ ಬರೆಯುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಮೂವತ್ತೈದರ ಹಿಂದೆ ಎರಡು ಪದ ಸೇರಿಸಿದ: ಸಾಧಾರಣ ಆರೋಗ್ಯವಂತರಿಗೆ.

ದಾರಿಯ ಎರಡೂ ತುದಿಯಲ್ಲಿ ಫಲಕ ಎದ್ದಿತು. ತಾನು ಸಾಧಾರಣ ಆರೋಗ್ಯವಂತನೂ ಅಲ್ಲವೆಂದು ಒಪ್ಪಿಕೊಳ್ಳುವ ಮನುಷ್ಯ ಕೆಳಗಿನ ಬಡಾವಣೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೊದಲ ವಾರವೇ ನಿವೃತ್ತ ಡ್ರಿಲ್ ಮೇಷ್ಟ್ರು ಸೀಟಿ ಕೊರಳಿಗೆ ಹಾಕಿಕೊಂಡು ನಡೆದುಬಂದು, "ಮೂವತ್ನಾಲ್ಕು ನಿಮಿಷ," ಎಂದು ಬೀದಿಗೆಲ್ಲ ಕೇಳುವಂತೆ ಸಾರಿದರು. ಮರುದಿನ ಔಷಧಿ ಅಂಗಡಿಯವರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ, "ಮೂವತ್ಮೂರು. ಅದೂ ನಿಧಾನಕ್ಕೆ ನಡೆದೆ," ಎಂದರು. ಬಡಾವಣೆಯಲ್ಲೇ ಎತ್ತರದ ಮನೆ ಕಟ್ಟಿಸಿ ಅಲ್ಲಿಂದ ಎಲ್ಲರ ಅಡುಗೆಮನೆ ನೋಡುವ ಹೆಂಗಸೊಬ್ಬರಿದ್ದರು. ಊರೆಲ್ಲ ಅವರನ್ನು ಮಹಡಿಯಮ್ಮ ಎನ್ನುತ್ತಿತ್ತು. ಅವರು, "ನನಗೆ ಮೂವತ್ತೈದೇ ಆಯ್ತಪ್ಪ. ನಡುವೆ ಎರಡು ಸಲ ನಿಂತು ಹಕ್ಕಿ ನೋಡಿದೆ," ಎಂದರು.

ಹೀಗೆ ಮೂರು ವರ್ಷ ಅವರೆಲ್ಲ ದಿನಾ ಮೂವತ್ತೈದರ ಒಳಗೇ ನಡೆದರು. ಅದನ್ನು ಕೇಳಿ ಕೇಳಿ ಗುಮಾಸ್ತನಿಗೇ ತನ್ನ ಅಳತೆಯ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ತಾನು ಮಾತ್ರ ಒಂದು ದಿನವೂ ಆ ದಾರಿಯಲ್ಲಿ ಕಾಲಿಡಲಿಲ್ಲ. ಅವನಿಗೆ ಬಸ್ಸಿತ್ತು. ಎರಡೂ ಕಡೆಗೆ ಸೇರಿ ಒಂದೇ ಬಸ್ಸು, ಮಗ್ಗದ ಲಾಳಿಯಂತೆ ಇಡೀ ದಿನ ಅತ್ತಿಂದಿತ್ತ ಓಡುತ್ತಿತ್ತು. ನಡುವೆ ರೈಲು ಯಾರ್ಡು, ಅದರ ಮೇಲೊಂದು ಸೇತುವೆ. ಸೇತುವೆಯ ಮೇಲೆ ನಡೆದುಹೋಗುವುದಕ್ಕೆ ನಿಷೇಧ. ಎರಡೂ ತುದಿಯಲ್ಲಿ ಕಾವಲುಗಾರ ಕೂತಿರುತ್ತಿದ್ದ. ಬಸ್ಸಿನಲ್ಲಿ ಮೂರನೇ ಸಾಲಿನ ಕಿಟಕಿ ಪಕ್ಕದ ಸೀಟು ಗುಮಾಸ್ತನದು. ದಿನದ ಅತ್ಯಂತ ಒಳ್ಳೆಯ ಹತ್ತು ನಿಮಿಷದ ನಿದ್ದೆ ಅವನಿಗೆ ಅಲ್ಲೇ ಸಿಗುತ್ತಿತ್ತು. ಒಂಬತ್ತು ಗಂಟೆಯ ಕಚೇರಿಗೆ ಎಂಟೂಮುಕ್ಕಾಲಿಗೆ ಮನೆ ಬಿಟ್ಟರೆ ಸಾಕಾಗಿತ್ತು.

ಪುರಸಭೆಗೆ ಹೊಸ ಮೇಡಂ ಬಂದರು. ಬಂದ ಹದಿನೈದು ದಿನ ಏನೂ ಮಾತಾಡದೆ ಹಳೆಯ ಕಡತಗಳನ್ನು ಓದಿದರು. ಮಾತಾಡದ ಅಧಿಕಾರಿಯೆಂದರೆ ಕಚೇರಿಗೆಲ್ಲ ಹೆದರಿಕೆ. ಶುಕ್ರವಾರ ಬೆಳಿಗ್ಗೆ ಗುಮಾಸ್ತನನ್ನು ಒಳಗೆ ಕರೆದರು. ಮೇಜಿನ ಮೇಲೆ ಅವನದೇ ಅಕ್ಷರದ ಅಳತೆ ಕಡತ.

"ನೀವೇ ಅಳೆದಿದ್ದಾ?"

"ಹೌದು ಮೇಡಂ."

"ನಡೆದು?"

ಗುಮಾಸ್ತ ತಲೆಯನ್ನು ಹೌದೆಂದೂ ಅಲ್ಲವೆಂದೂ ಓದಿಕೊಳ್ಳಬಹುದಾದ ರೀತಿಯಲ್ಲಿ ಅಲ್ಲಾಡಿಸಿದ.

"ನಾಳೆ ಸಂಜೆ ನಾಲ್ಕಕ್ಕೆ ಕೆಳಗಿನ ತುದಿಯಿಂದ ಹೊರಟು ನಡ್ಕೊಂಡು ಬನ್ನಿ. ನಾನು ಈ ತುದೀಲಿ ಕೂತಿರ್ತೀನಿ. ದಿನಾ ನಡೆಯೋರು ಯಾರಾದ್ರೂ ಇದ್ರೆ ಅವರನ್ನೂ ಕರ್ಕೊಂಡು ಬನ್ನಿ. ಮೂವತ್ತೈದು ನಿಮಿಷ ಅಂತ ರುಜುವಾತಾದ್ರೆ ಮುಖ್ಯ ಗುಮಾಸ್ತರ ಕುರ್ಚಿ ಖಾಲಿ ಇದೆ, ನಿಮಗೇ. ಸುಳ್ಳು ಅಳತೆ ಅಂತಾದ್ರೆ, ಈಗ ಕೂತಿರೋ ಕುರ್ಚೀನೂ ಖಾಲಿ ಮಾಡಬೇಕಾಗುತ್ತೆ."

ಮಧ್ಯಾಹ್ನ ಮನೆಯಿಂದ ತಂದ ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ವಾಪಸಾಯಿತು. ಮರುದಿನವೂ ತಟ್ಟೆಯ ಮುಂದೆ ಸುಮ್ಮನೆ ಕೂತ ಗಂಡನನ್ನು ನೋಡಿ ಹೆಂಡತಿಗೆ ಅರ್ಥವಾಯಿತು.

"ಆವತ್ತೇ ಹೇಳಿದೆ, ನಡ್ಕೊಂಡು ಹೋಗಿ ಅಳೀರಿ ಅಂತ. ಚಪ್ಪಲಿ ಕೆಸರಾಗುತ್ತೆ ಅಂದ್ರಿ."

"ಅಳತೆ ಸರಿಯಾಗೇ ಇರಬಹುದು ಕಣೆ. ಮೇಷ್ಟ್ರು ದಿನಾ ಮೂವತ್ನಾಲ್ಕಕ್ಕೆ ಮುಗಿಸ್ತಾರೆ."

"ಮೇಷ್ಟ್ರು ಅವರ ಮನೆ ಗೇಟು ದಾಟೋಕೇ ಮೂವತ್ನಾಲ್ಕು ನಿಮಿಷ ತಗೋತಾರೆ. ದಿನಾ ನೋಡಲ್ವಾ ನಾನು?" ಎಂದಳು ಹೆಂಡತಿ. ಆದರೂ ಕಟ್ಟಿಕೊಂಡ ತಪ್ಪಿಗೆ, ಮಗನ ಬಿಳಿ ಕ್ಯಾನ್ವಾಸ್ ಶೂ ತಂದು ಮುಂದಿಟ್ಟಳು. ಮಗನ ಪಾದಕ್ಕಿಂತ ಅಪ್ಪನ ಪಾದ ಒಂದು ಅಂಗುಲ ದೊಡ್ಡದು. ಗುಮಾಸ್ತ ಬೆರಳುಗಳನ್ನು ಮಡಚಿ ಒಳಗೆ ತುರುಕಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮೇಷ್ಟ್ರು, ಔಷಧಿ ಅಂಗಡಿಯವರು, ಮಹಡಿಯಮ್ಮ ಮೂವರೂ ಫಲಕದ ಕೆಳಗೆ ಸಿದ್ಧರಾಗಿ ನಿಂತಿದ್ದರು. ಅಧಿಕಾರಿಯ ಎದುರು ಆರೋಗ್ಯ ತೋರಿಸಿಕೊಳ್ಳುವ ಸಂದರ್ಭವನ್ನು ಯಾರು ಬಿಟ್ಟಾರು? ಮೇಷ್ಟ್ರು ಸೀಟಿ ಊದಿದರು. ಮೆರವಣಿಗೆ ಹೊರಟಿತು.

ಮೊದಲ ಐದು ನಿಮಿಷ ಸುಖವಾಗಿಯೇ ಇತ್ತು. ಎಡಕ್ಕೆ ಮನೆಗಳ ಬೆನ್ನು, ಬಲಕ್ಕೆ ನೀರು. ಎದುರು ಬಾಗಿಲಲ್ಲಿ ಬಣ್ಣ ಹೊಡೆದು ಹೂಕುಂಡ ಇಟ್ಟ ಮನೆಗಳೆಲ್ಲ ಹಿಂಬದಿಯಲ್ಲಿ ಮುರಿದ ಮಂಚ, ತೂತು ಬಕೆಟ್ಟು, ತುಕ್ಕು ಹಿಡಿದ ಸೈಕಲ್ಲುಗಳನ್ನು ಹೊರಹಾಕಿ ಕೂತಿದ್ದವು. ಆಮೇಲೆ ಮನೆಗಳು ಸರಿದು ಮರಗಳು ಮುಂದೆ ಬಂದವು. ಬಿದಿರು ಮೆಳೆಗಳು ದಾರಿಯ ಮೇಲೆ ಬಾಗಿ ಬಿಸಿಲನ್ನು ಚೂರುಚೂರು ಮಾಡಿ ಚೆಲ್ಲುತ್ತಿದ್ದವು. ನೀರು ಕಲ್ಲಿನ ಮೇಲೆ ಗುಳುಗುಳು ಎನ್ನುತ್ತಿತ್ತು. ಇಷ್ಟು ಚೆಂದದ ದಾರಿಯನ್ನು ತಾನೇ ಮಾಡಿದೆನೇನೋ ಎಂಬಂತೆ ಗುಮಾಸ್ತನಿಗೆ ಕೊಂಚ ಹೆಮ್ಮೆಯಾಯಿತು.

ಮೇಷ್ಟ್ರು ಮುಂದೆ ನಡೆಯುತ್ತ ತಮ್ಮ ಸಾಹಸಗಳನ್ನು ಹೇಳುತ್ತಿದ್ದರು. "ಹೋದ ವರ್ಷ ನಮ್ಮ ಬಸ್ಸನ್ನ ಕಿತ್ತು ಗುಡ್ಡದ ಓಣಿಯವರಿಗೆ ಕೊಡ್ತೀವಿ ಅಂದಾಗ ತಕರಾರು ಅರ್ಜಿ ಬರೆದಿದ್ದು ಯಾರು? ನಾನು. ಮೊದಲನೇ ರುಜು ನನ್ನದು."

"ಎರಡನೇದು ನಂದು," ಎಂದರು ಔಷಧಿ ಅಂಗಡಿಯವರು.

"ನಮ್ಮ ಮನೆಯಿಂದಲೇ ಆರು ರುಜು," ಎಂದರು ಮಹಡಿಯಮ್ಮ.

ಗುಮಾಸ್ತ ಏನೂ ಕುಹಕವಿಲ್ಲದೆ ಕೇಳಿದ: "ಅಲ್ಲ ಮೇಷ್ಟ್ರೇ, ದಿನಾ ಮೂವತ್ನಾಲ್ಕು ನಿಮಿಷದಲ್ಲಿ ನಡ್ಕೊಂಡೇ ಹೋಗ್ತೀರಲ್ಲ. ನಿಮಗೆ ಬಸ್ಸು ಯಾಕೆ?"

ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ತೆಗೆದರು. "ಮಳೆ ಗಿಳೆ ಬಂದ್ರೆ ಬೇಕಲ್ಲಯ್ಯ," ಎಂದರು.

ಹೊಳೆ ಕಚೇರಿಯ ಕಡತದ ಹಾಗೆ. ನೆಟ್ಟಗೆ ಎಲ್ಲಿಗೂ ಹೋಗುವುದಿಲ್ಲವೆಂಬುದು ಗುಮಾಸ್ತನಿಗೆ ಮೂರನೇ ತಿರುವಿನಲ್ಲಿ ಗೊತ್ತಾಗತೊಡಗಿತು. ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಬಂಡೆಯೊಂದನ್ನು ಸುತ್ತು ಹಾಕಿತು, ಮತ್ತೆ ಏನೋ ಮರೆತುಬಂದಂತೆ ಹಿಂದಕ್ಕೆ ತಿರುಗಿತು. ಕಾಲುದಾರಿಯೂ ಅದರ ಸೆರಗು ಹಿಡಿದುಕೊಂಡು ತಿರುಗಿತು. ಬಿದಿರು ಮುಗಿದು ಮತ್ತೆ ಮನೆಗಳ ಬೆನ್ನು ಕಂಡವು. ಅದರಲ್ಲೊಂದು ಬೆನ್ನು ತೀರ ಪರಿಚಯದ್ದು. ಅದರ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಹೆಂಗಸೂ ತೀರ ಪರಿಚಯದವಳೇ.

"ರೀ, ಇನ್ನೂ ಇಲ್ಲೇ ಇದೀರಾ?" ಎಂದು ಅವಳು ಮೇಲಿನಿಂದ ಕೂಗಿದಳು. "ಹೊರಟು ಹದಿನೆಂಟು ನಿಮಿಷ ಆಯ್ತಲ್ರೀ. ಏನಾದ್ರೂ ಮರೆತು ಹೋಗಿದ್ರಾ?"

ಗುಮಾಸ್ತ ಗಡಿಯಾರ ನೋಡಿದ. ಹದಿನೆಂಟು ನಿಮಿಷ ನಡೆದು ಅವನು ತನ್ನ ಮನೆಯ ಹಿತ್ತಲಿಗೆ ಬಂದಿದ್ದ. ಉಳಿದ ಮೂವರ ಮುಖ ನೋಡಿದ. ಮೂವರಿಗೂ ಏಕಕಾಲಕ್ಕೆ ಕಿವಿ ಮಂದವಾಗಿತ್ತು. ಮಹಡಿಯಮ್ಮ ಖಾಲಿ ಕೊಂಬೆಯೊಂದನ್ನು ದಿಟ್ಟಿಸುತ್ತಿದ್ದರು.

"ಒಂದು ಹಕ್ಕಿ ಇದೆ ಅಲ್ಲಿ. ನೀವು ನಡೀತಿರಿ, ನಾನು ನೋಡ್ಕೊಂಡು ಬರ್ತೀನಿ," ಎಂದು ಅವರು ಪೊದೆಯ ಹಿಂದೆ ಸರಿದರು.

ನೂರು ಹೆಜ್ಜೆ ದಾಟಿರಲಿಲ್ಲ, ಔಷಧಿ ಅಂಗಡಿಯವರು ಹೊಟ್ಟೆ ಹಿಡಿದುಕೊಂಡರು. "ಸ್ವಲ್ಪ ಮರದ ಮರೆಗೆ ಹೋಗಿ ಬರ್ತೀನಿ. ಕಾಯಬೇಡಿ," ಎಂದು ಮಾಯವಾದರು.

ಮೇಷ್ಟ್ರು ನಿಂತು ಗುಮಾಸ್ತನನ್ನು ತಲೆಯಿಂದ ಬಿಳಿ ಶೂವರೆಗೆ ತಿರಸ್ಕಾರದಿಂದ ನೋಡಿದರು. "ನಿನ್ನ ಈ ನಡಿಗೆಗೆ ನನ್ನ ಮೈ ತಣ್ಣಗಾಗುತ್ತೆ ಕಣಯ್ಯ. ನಾನು ಓಡ್ತೀನಿ," ಎಂದವರೇ ತಿರುವಿನಾಚೆ ಓಡಿದರು. ಅರುವತ್ತೇಳರ ಆ ದೇಹ ತಿರುವು ದಾಟುವವರೆಗೆ ಮಾತ್ರ ಓಡಿದ್ದು ಕಾಲ ಸಪ್ಪಳದಲ್ಲೇ ತಿಳಿಯಿತು.

ಗುಮಾಸ್ತ ಒಬ್ಬನೇ ಉಳಿದ. ಮುಂದೆ ಮರಗಳ ಸಂದಿಯಲ್ಲಿ ಹೊಳೆ ಮತ್ತೆ ಬಲಕ್ಕೆ, ಸೇತುವೆಯಿಂದ ಇನ್ನೂ ದೂರಕ್ಕೆ ತಿರುಗುವುದು ಕಂಡಿತು. ಗಂಟೆ ನಾಲ್ಕೂ ಇಪ್ಪತ್ತು. ಇನ್ನು ಹದಿನೈದು ನಿಮಿಷದಲ್ಲಿ ರೆಕ್ಕೆ ಬಂದರೂ ಆ ತುದಿ ಸಿಗುವುದಿಲ್ಲ. ಕುರ್ಚಿ, ಸಂಬಳ, ಮಗನ ಓದು ಎಲ್ಲ ಒಂದರ ಹಿಂದೊಂದು ಹೊಳೆಯಲ್ಲಿ ತೇಲಿಹೋದಂತೆ ಕಂಡವು. ಮೂರು ವರ್ಷ ತನ್ನನ್ನು ನಂಬಿಸಿದ ಮೇಷ್ಟ್ರ ಮೇಲೆ ಸಿಟ್ಟು ಬಂತು. ತನ್ನ ಸುಳ್ಳನ್ನು ಬೇರೆಯವರು ನಿಜ ಮಾಡಿಕೊಡಲಿಲ್ಲವೆಂದು ಸಿಟ್ಟಾಗುವವರು ಕಚೇರಿಗಳಲ್ಲಿ ಕಡಿಮೆಯೇನಿಲ್ಲ.

ಆಗ ಅವನಿಗೆ ಎಡಕ್ಕೊಂದು ಕವಲು ಕಂಡಿತು. ಪುರಸಭೆ ಮಾಡಿಸಿದ ದಾರಿ ಅಲ್ಲಿಂದ ಮುಂದೆ ಹುಲ್ಲು ಬೆಳೆದು ಕಾಣದಂತಿತ್ತು. ಯಾರೂ ಮಾಡಿಸದ ಈ ಕವಲು ಮಾತ್ರ ಸವೆದು ಸವೆದು ಕನ್ನಡಿಯಂತಾಗಿತ್ತು. ಅದು ಒಂದು ಗೋಡೆಯ ಬಿರುಕಿನತ್ತ ಹೋಗುತ್ತಿತ್ತು. ಆಚೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು.

ಗುಮಾಸ್ತ ಬಿರುಕಿನಲ್ಲಿ ನುಸುಳಿದ. ಒದ್ದೆ ಬೆಡ್‌ಶೀಟೊಂದು ಬಂದು ಮುಖಕ್ಕೆ ಚಟಾರನೆ ಬಡಿಯಿತು. ಅದು ಲಾಂಡ್ರಿಯ ಹಿತ್ತಲು. ಲಾಂಡ್ರಿಯ ಹೆಂಗಸು ತಲೆಯೆತ್ತದೆ ಬಟ್ಟೆ ಹಿಂಡುತ್ತಲೇ ಹೇಳಿದಳು:

"ವಾಕಿಂಗ್‌ನವರು ಎಡಗಡೆಯಿಂದ ಹೋಗಬೇಕು. ಎಷ್ಟು ಸಲ ಹೇಳೋದು? ನಿನ್ನೆ ನಿಮ್ಮೋರು ಯಾರೋ ಹೊಸ ದಿಂಬಿನ ಕವರಿಗೆ ಮುಖ ಒರೆಸಿ ಹೋಗಿದಾರೆ."

"ನಮ್ಮೋರಾ?"

"ಬೇಗ ಹೋಗಿ. ಬಸ್ಸು ನಿಮಗೋಸ್ಕರ ಕಾಯಲ್ಲ."

ಬಸ್ಸಿನೊಳಗೆ ಮೂರು ತಲೆಗಳಿದ್ದವು. ಮುಂದಿನ ಸೀಟಿನಲ್ಲಿ ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು ಹೊರಗೆ ನೋಡುತ್ತಿದ್ದರು. ಹಿಂದೆ ಔಷಧಿ ಅಂಗಡಿಯವರು ಕಣ್ಣು ಮುಚ್ಚಿದ್ದರು. ಮೂರನೇ ಸಾಲಿನ ಕಿಟಕಿಯ ಪಕ್ಕ, ಅವನದೇ ಸೀಟಿನಲ್ಲಿ, ಮಹಡಿಯಮ್ಮ. ಯಾರೂ ಯಾರನ್ನೂ ನೋಡಲಿಲ್ಲ. ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಅವನ ಮೊಣಕೈ ಹಿಡಿದ.

"ಮಾತಾಡಿಸಬೇಡಿ ಸಾರ್," ಎಂದ ಮೆಲ್ಲಗೆ. "ಈ ಹೊತ್ತಲ್ಲಿ ಬಸ್ಸಲ್ಲಿ ಯಾರೂ ಇರಲ್ಲ. ಮೂರು ವರ್ಷದಿಂದ ಹಾಗೇ ನಡ್ಕೊಂಡು ಬಂದಿದೆ. ನೀವೂ ಇಲ್ಲ ಅಂತ ತಿಳ್ಕೊಂಡು ಕೂತ್ಕೊಳ್ಳಿ. ಇಳಿಯೋ ಜಾಗ ಗೊತ್ತಲ್ಲ? ಆಫೀಸ್ ಸ್ಟಾಪಲ್ಲಿ ಇಳೀಬೇಡಿ, ಅಲ್ಲಿ ಕಾಣಿಸ್ತೀರ. ಅದರ ಹಿಂದಿನದ್ರಲ್ಲಿ ಇಳಿದು ಸೀದಾ ಪೊದೆ ಸೇರ್ಕೊಳ್ಳಿ."

ಸೇತುವೆ ದಾಟಿ, ಹಿಂದಿನ ಸ್ಟಾಪಿನಲ್ಲಿ ನಾಲ್ವರೂ ಅಪರಿಚಿತರಂತೆ ಇಳಿದರು. ನಾಲ್ಕೂ ಇಪ್ಪತ್ತೊಂಬತ್ತು. ಹೊಳೆಯ ಪಕ್ಕ ಎತ್ತರಕ್ಕೆ ಬೆಳೆದ ಪೊದೆಯೊಂದಿತ್ತು. ಅದರ ಆಚೆ ಕೂಗಳತೆಯಲ್ಲಿ ಕಾಲುದಾರಿಯ ಕೊನೆ. ಅವಧಿಗಿಂತ ಮೊದಲೇ ಮುಟ್ಟುವಂತಿಲ್ಲವಾದ್ದರಿಂದ ಪೊದೆಯಲ್ಲಿ ಕಾಯಬೇಕಿತ್ತು. ಗುಮಾಸ್ತ ಸಿಕ್ಕಿದ ಕಡೆ ಕುಕ್ಕರಿಸಿದ.

"ಇದು ನನ್ನ ಜಾಗ," ಎಂದು ಎಲೆಗಳ ನಡುವಿನಿಂದ ಮೇಷ್ಟ್ರ ಪಿಸುದನಿ ಬಂತು.

ಗುಮಾಸ್ತ ಪಕ್ಕಕ್ಕೆ ಸರಿದ.

"ಅದು ನಂದು," ಎಂದರು ಔಷಧಿ ಅಂಗಡಿಯವರು.

ಎಲ್ಲರ ಕಾಯಂ ಜಾಗಗಳನ್ನು ಬಿಟ್ಟು ಉಳಿದದ್ದು ಒಂದೇ ಜಾಗ. ಯಾರೂ ಅಲ್ಲಿ ಯಾಕೆ ಕೂರುವುದಿಲ್ಲವೆಂಬುದು ಅವನಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಕೆಂಪಿರುವೆಗಳು ಶಿಸ್ತಾಗಿ ಸಾಲು ಹಿಡಿದು ಅವನ ಪ್ಯಾಂಟಿನೊಳಗೆ ಹತ್ತತೊಡಗಿದವು. ಕೂಗುವಂತಿಲ್ಲ, ಎದ್ದು ಕುಣಿಯುವಂತಿಲ್ಲ. ಹದಿನಾರು ವರ್ಷ ಕಚೇರಿಯಲ್ಲಿ ಕಲಿತ ತಾಳ್ಮೆಯೆಲ್ಲ ಆ ಐದು ನಿಮಿಷದಲ್ಲಿ ಖರ್ಚಾಯಿತು.

ನಾಲ್ಕೂ ಮೂವತ್ತನಾಲ್ಕು ಆಗುತ್ತಲೇ ಮೂವರೂ ಎದ್ದು ಹೊಳೆಗೆ ಬಾಗಿದರು. ಬೊಗಸೆಯಲ್ಲಿ ನೀರೆತ್ತಿ ಹಣೆಗೆ, ಕುತ್ತಿಗೆಗೆ, ಅಂಗಿಯ ಕಂಕುಳಿಗೆ ಅಚ್ಚುಕಟ್ಟಾಗಿ ಚಿಮುಕಿಸಿಕೊಂಡರು. ಮಹಡಿಯಮ್ಮ ಮೂಗಿನ ತುದಿಗೆ ಒಂದು ಹನಿ ಇಟ್ಟುಕೊಂಡರು. ಅದು ಅನುಭವದ ಮಾತು. ಗುಮಾಸ್ತನಿಗೆ ನೀರು ಬೇಕಾಗಲಿಲ್ಲ. ಇರುವೆಗಳು ಅವನಿಂದ ಅಸಲಿ ಬೆವರನ್ನೇ ಹೊರಡಿಸಿದ್ದವು.

ಮೇಡಂ ಫಲಕದ ಕೆಳಗೆ ಸಿಮೆಂಟು ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ರಿಜಿಸ್ಟರು, ಪಕ್ಕದಲ್ಲಿ ಒಂದು ಚೀಲ. ನಾಲ್ವರೂ ಏದುಸಿರು ಬಿಡುತ್ತ ಮರಗಳ ನಡುವಿನಿಂದ ಮೇಲೆ ಬಂದಾಗ ಗಡಿಯಾರ ನೋಡಿದರು. ಸರಿಯಾಗಿ ಮೂವತ್ತೈದು ನಿಮಿಷ.

"ಆಶ್ಚರ್ಯ," ಎಂದರು ಮೇಡಂ. ಅವರ ಕಣ್ಣು ನಾಲ್ವರ ಕಾಲಿನತ್ತ ಇಳಿಯಿತು. "ಎಲ್ಲರ ಶೂ ಎಷ್ಟು ಚೊಕ್ಕವಾಗಿದೆ."

"ದಾರಿ ಹಾಗಿದೆ ಮೇಡಂ. ಮನೆ ಹಜಾರದ ಹಾಗೆ," ಎಂದರು ಮೇಷ್ಟ್ರು.

ಮೇಡಂ ಹಾಕಿಕೊಂಡಿದ್ದ ಶೂ ಮಾತ್ರ ಚೊಕ್ಕವಾಗಿರಲಿಲ್ಲ. ಕೆಂಪು ಮಣ್ಣು ಒಣಗಿ ಅಂಚಿನವರೆಗೂ ಅಂಟಿತ್ತು. ಇಷ್ಟು ದೊಡ್ಡ ಅಧಿಕಾರಿಗೆ ಶೂ ಒರೆಸಿಕೊಡುವವರು ಯಾರೂ ಇಲ್ಲವೇ ಎಂದು ಗುಮಾಸ್ತ ಮನಸ್ಸಿನಲ್ಲೇ ಮರುಗಿದ. ಕುರ್ಚಿ ಉಳಿದಿತ್ತು. ಜಗತ್ತಿನ ಎಲ್ಲರ ಮೇಲೂ ಅವನಿಗೆ ಕನಿಕರ ಬರುತ್ತಿತ್ತು.

"ದಿನಾ ಇಷ್ಟೇ ಹೊತ್ತು ತಗೋತೀರಾ?"

"ಇವತ್ತು ಇವರ ಜೊತೆ ಬಂದಿದ್ದಕ್ಕೆ ತಡ. ನಂದು ಮೂವತ್ನಾಲ್ಕು," ಎಂದರು ಮೇಷ್ಟ್ರು.

"ಮೂವತ್ಮೂರು," ಎಂದರು ಔಷಧಿ ಅಂಗಡಿಯವರು.

"ಮಳೆ ಬಂದ್ರೆ ತೊಂದರೆ ಆಗುತ್ತೇನೋ?"

"ಮಳೇಲಿ ನಡೆಯೋದು ಇನ್ನೂ ಒಳ್ಳೇದು. ರಕ್ತ ಚೆನ್ನಾಗಿ ಓಡುತ್ತೆ," ಎಂದರು ಔಷಧಿ ಅಂಗಡಿಯವರು, ಔಷಧಿ ಮಾರುವವರ ಗಾಂಭೀರ್ಯದಿಂದ.

"ವಯಸ್ಸಾದವರಿಗೆ, ಹೆಂಗಸರಿಗೆ ಕಷ್ಟ ಅಂತ ಕೇಳಿದ್ದೆ."

"ಯಾರಂದಿದ್ದು?" ಮಹಡಿಯಮ್ಮನಿಗೆ ಅವಮಾನವಾಯಿತು. "ನನಗೆ ಅರುವತ್ತೆರಡು. ಎರಡು ಕೈಯಲ್ಲಿ ಎರಡು ಚೀಲ ಹಿಡ್ಕೊಂಡೂ ಬಂದಿದೀನಿ."

"ಹಾಗಾದ್ರೆ ಹೇಳಿದ್ದನ್ನೆಲ್ಲ ಇದರಲ್ಲಿ ಬರೆದು ರುಜು ಮಾಡಿ."

ಮೂವರೂ ಮುಗಿಬಿದ್ದು ರುಜು ಮಾಡಿದರು. ಮಳೆಯಲ್ಲೂ, ವಯಸ್ಸಾದರೂ, ಚೀಲ ಹಿಡಿದೂ ಮೂವತ್ತೈದು ನಿಮಿಷ ಮೀರುವುದಿಲ್ಲವೆಂದು ಮೇಷ್ಟ್ರು ದುಂಡಗೆ ಬರೆದರು. ಕೊನೆಗೆ ಗುಮಾಸ್ತ, ಅಳೆದವನೆಂದು ಕೆಳಗೆ ಅಡಿಗೆರೆ ಎಳೆದು ರುಜು ಹಾಕಿದ.

ಮೇಡಂ ರಿಜಿಸ್ಟರು ಮುಚ್ಚಿ, ಚೀಲದಿಂದ ಇನ್ನೊಂದು ಕಾಗದ ತೆಗೆದರು. "ಇದು ಹೋದ ವರ್ಷದ ತಕರಾರು ಅರ್ಜಿ. 'ಕೆಳಗಿನ ಬಡಾವಣೆಯವರಿಗೆ ಬಸ್ಸು ಬಿಟ್ಟರೆ ಬೇರೆ ಗತಿಯಿಲ್ಲ. ಮಳೆಯಲ್ಲಿ ನಡೆಯಲಾಗದು, ವೃದ್ಧರು, ಹೆಂಗಸರು ಚೀಲ ಹೊತ್ತು ನಡೆಯಲಾರರು.' ಮೊದಲನೇ ರುಜು ನಿಮ್ಮದೇ ಅಲ್ವಾ ಮೇಷ್ಟ್ರೇ?"

ಮೇಷ್ಟ್ರ ಹಣೆಯ ಮೇಲೆ ಈಗ ಹೊಳೆಯದಲ್ಲದ ನೀರು ಕಾಣಿಸಿಕೊಂಡಿತು.

"ಗುಡ್ಡದ ಓಣಿಯವರು ಆರು ವರ್ಷದಿಂದ ಬಸ್ಸು ಕೇಳ್ತಿದಾರೆ. ಅವರಿಗೆ ನಡೆಯೋಕೂ ಸರಿಯಾದ ದಾರಿ ಇಲ್ಲ. ಇರೋದು ಒಂದೇ ಬಸ್ಸು. ನಿಮ್ಮ ಅರ್ಜಿ ಇರೋವರೆಗೂ ಅದನ್ನ ಕೊಡೋಕೆ ಆಗ್ತಿರಲಿಲ್ಲ. ಈಗ ನೀವೇ ಬರೆದುಕೊಟ್ರಿ. ತುಂಬ ಉಪಕಾರ ಆಯ್ತು. ಇವತ್ತು ಐದು ಗಂಟೆಯಿಂದ ಬಸ್ಸು ಆ ಕಡೆ ಹೋಗುತ್ತೆ."

ಕಚೇರಿಯ ಪಕ್ಕದ ಸ್ಟಾಪಿನಲ್ಲಿ ನಿಂತ ಬಸ್ಸಿನ ಹಣೆಗೆ ಡ್ರೈವರ್ ಆಗಲೇ 'ಗುಡ್ಡದ ಓಣಿ' ಎಂಬ ಹೊಸ ಬೋರ್ಡು ಸಿಕ್ಕಿಸುತ್ತಿದ್ದ. ಕಂಡಕ್ಟರ್ ಬಾಗಿಲಲ್ಲಿ ನಿಂತು ನಾಲ್ವರನ್ನೂ ನೋಡಿದ. ಈ ಸಲ ಎಲ್ಲರನ್ನೂ ಗುರುತಿಸಿ ಕೈ ಬೀಸಿದ. ಬಸ್ಸು ಹೊರಟಿತು. ಮೂರನೇ ಸಾಲಿನ ಕಿಟಕಿ ಗುಮಾಸ್ತನ ಕಣ್ಣೆದುರೇ ಖಾಲಿ ಹೋಯಿತು.

"ನಿಮ್ಮದನ್ನ ಮರೆತಿಲ್ಲ," ಎಂದು ಮೇಡಂ ಅವನ ಕೈಗೆ ಒಂದು ಬೀಗದ ಕೈಗೊಂಚಲು ಇಟ್ಟರು. "ಸೋಮವಾರದಿಂದ ಮುಖ್ಯ ಗುಮಾಸ್ತರು ನೀವೇ. ಎಂಟು ಗಂಟೆಗೆ ಆಫೀಸಿನ ಬೀಗ ತೆಗೆಯೋದು ಮುಖ್ಯ ಗುಮಾಸ್ತರ ಕೆಲಸ. ಏಳೂ ಇಪ್ಪತ್ತೈದಕ್ಕೆ ಮನೆ ಬಿಟ್ರೆ ಸಾಕು, ಅಲ್ವಾ?"

ಬೇರೆ ದಾರಿಯಿರಲಿಲ್ಲ. ನಾಲ್ವರೂ ಮತ್ತೆ ಮರಗಳ ನಡುವೆ ಇಳಿದರು. ಪೊದೆ ದಾಟಿ ಮುಂದೆ, ಮೂರು ವರ್ಷದಲ್ಲಿ ಅವರು ಯಾರೂ ಕಾಣದ ಭಾಗಕ್ಕೆ ಕಾಲಿಟ್ಟರು. ಹೊಳೆ ಅವಸರವೇ ಇಲ್ಲದೆ ಒಂದೊಂದು ದಿಬ್ಬವನ್ನೂ ಸುತ್ತುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಹಳೆಯ ಇಟ್ಟಿಗೆ ಭಟ್ಟಿಯೊಂದು ಎದುರಾಯಿತು. ದಾರಿ ಅದರ ಅಂಗಳದಲ್ಲೇ ಹಾದುಹೋಗಿತ್ತು. ಅಂಗಳದ ತುಂಬ ಪಾದ ಮುಳುಗುವಷ್ಟು ಕೆಂಪು ಕೆಸರು. ಗುಮಾಸ್ತ ಬಿಳಿ ಶೂವನ್ನು ಅದರಿಂದ ಕಿತ್ತು ನೋಡಿದ. ಅಂಚಿನವರೆಗೂ ಕೆಂಪು. ಈ ಬಣ್ಣವನ್ನು ಅವನು ಸ್ವಲ್ಪ ಹೊತ್ತಿನ ಹಿಂದೆ ಬೇರೊಂದು ಕಾಲಿನಲ್ಲಿ ನೋಡಿದ್ದ.

ಕೆಸರಿನಾಚೆ ಬಂಡೆಯ ಮೇಲೆ ಮುದುಕನೊಬ್ಬ ಗಾಳ ಹಾಕಿಕೊಂಡು ಕೂತಿದ್ದ. ಮನುಷ್ಯರನ್ನು ಕಂಡು ಅವನಿಗೇ ವಿಚಿತ್ರವೆನಿಸಿತು.

"ಈ ದಾರೀಲಿ ಜನ ಓಡಾಡ್ತಾರೆ ಅನ್ನೋದೇ ಗೊತ್ತಿರಲಿಲ್ಲ," ಎಂದ. "ಎರಡು ದಿನದಲ್ಲಿ ಇದು ಎರಡನೇ ಸಲ. ನಿನ್ನೆ ಸಂಜೆ ಯಾರೋ ಒಬ್ಬರು ಅಮ್ಮ ಬಂದಿದ್ರು. ಗಡಿಯಾರ ನೋಡ್ಕೊಂಡು ನಡೀತಿದ್ರು. ಇಲ್ಲೇ ಕೂತು ನೀರು ಕುಡಿದು, ಆ ಬೋರ್ಡು ಬರೆದೋನು ಎಂಥವನಿರಬಹುದು ಅಂತ ಕೇಳಿದ್ರು."

"ನೀವೇನಂದ್ರಿ?" ಎಂದ ಗುಮಾಸ್ತ.

"ಬಸ್ಸಲ್ಲಿ ಓಡಾಡೋನು ಅಂದೆ. ತುಂಬ ನಕ್ಕರು."

ನಾಲ್ವರೂ ಮುಂದಕ್ಕೆ ಕಾಲೆಳೆದರು. ಶೂ ಒಳಗೆ ಮಡಚಿದ ಬೆರಳುಗಳಲ್ಲಿ ಒಂದೊಂದಾಗಿ ಬೊಬ್ಬೆ ಏಳತೊಡಗಿದ್ದವು. ಗುಮಾಸ್ತ ನಿಂತ.

"ಸೋಮವಾರ ಎಲ್ಲರೂ ಹೋಗಿ ನಿಜ ಹೇಳಿಬಿಡೋಣ. ಎರಡು ಗಂಟೆ ಬೇಕು, ನಡೆಯೋಕೆ ಆಗಲ್ಲ, ಬಸ್ಸು ವಾಪಸ್ ಕೊಡಿ ಅಂತ. ಅಳತೆ ತಪ್ಪು ಅಂತ ನಾನು ಒಪ್ಕೋತೀನಿ. ನೀವು ಮೂರು ಜನ ಒಂದು ಮಾತು ಹೇಳಿದ್ರೆ ಸಾಕು."

ಮೇಷ್ಟ್ರು ಮರಕ್ಕೆ ಒರಗಿ ಉಸಿರು ಸುಧಾರಿಸಿಕೊಂಡರು. "ನೀನು ಬೇಕಾದ್ರೆ ಹೇಳಯ್ಯ. ನನಗೆ ಯಾಕೆ ಆಗಲ್ಲ? ನಂದು ಮೂವತ್ನಾಲ್ಕು."

"ಸುಸ್ತಾಗೋರು ಹೇಳ್ಕೊಳ್ಳಲಿ," ಎಂದರು ಔಷಧಿ ಅಂಗಡಿಯವರು, ಕಲ್ಲಿನ ಮೇಲೆ ಕೂತು, ಏಳಲಾರದೆ.

"ನಾನು ಹಕ್ಕಿ ನೋಡೋಕೆ ನಿಂತ್ಕೊಂಡಿದೀನಿ ಅಷ್ಟೇ," ಎಂದರು ಮಹಡಿಯಮ್ಮ. ಅವರ ಕಣ್ಣು ಮುಚ್ಚಿತ್ತು.

ಬಡಾವಣೆ ಮುಟ್ಟಿದಾಗ ಗಂಟೆ ಏಳಕ್ಕೆ ಬಂದಿತ್ತು. ಹೆಂಡತಿ ಗೇಟಿನಲ್ಲೇ ನಿಂತಿದ್ದಳು. ಗಂಡನ ಕೈಯಲ್ಲಿದ್ದ ಬೀಗದ ಕೈಗಳನ್ನೂ ಕಾಲಲ್ಲಿದ್ದ ಕೆಂಪು ಶೂಗಳನ್ನೂ ನೋಡಿದಳು. ಹಿಂದೆಯೇ ಉಳಿದ ಮೂವರು ಬೇಲಿ ಹಿಡಿದುಕೊಂಡು ಬರುತ್ತಿದ್ದರು.

"ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು?" ಎಂದು ಕೇಳಿದಳು.

ಮೂವರೂ ಬೇಲಿಯ ಪಕ್ಕ ನಿಂತು ಕಿವಿಗೊಟ್ಟರು. ಗುಮಾಸ್ತ ಬೆನ್ನು ನೆಟ್ಟಗೆ ಮಾಡಿಕೊಂಡ.

"ಮೂವತ್ತೈದು ನಿಮಿಷ," ಎಂದ ಗಟ್ಟಿಯಾಗಿ.

ಬಾಗಿಲು ಹಾಕಿಕೊಂಡ ಮೇಲೆ ಕುರ್ಚಿಯಲ್ಲಿ ಕುಸಿದು, ಗೋಡೆಗೂ ಕೇಳಿಸದಂತೆ ಹೇಳಿದ: "ಸೋಮವಾರ ಐದು ಗಂಟೆಗೆ ಎಬ್ಬಿಸು."

ಹೆಂಡತಿ ಕೆಂಪು ಶೂಗಳನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು.

"ಐದಕ್ಕೆ ಯಾಕೆ? ಬೋರ್ಡಲ್ಲಿ ಬರೆದಿದೆಯಲ್ಲ," ಎಂದಳು. "ಸಾಧಾರಣ ಆರೋಗ್ಯವಂತರು ಏಳರವರೆಗೂ ಮಲಗಬಹುದು."